ನೀರು ಹಾಕಿ ಕೊಂದ ತುಳಸಿ

ಬೆಂಗಳೂರಿನ ಫ್ಲ್ಯಾಟಿಗೆ ಬಂದ ಮೊದಲ ವರ್ಷ ನಾನು ನಾಲ್ಕು ಗಿಡ ಕೊಂದೆ. ನಾಲ್ಕನ್ನೂ ನೀರು ಹಾಕಿಯೇ ಕೊಂದದ್ದು. ಮೂರು ನರ್ಸರಿಯಿಂದ ತಂದವು, ಹೋದರೆ ಹೋಗಲಿ. ನಾಲ್ಕನೆಯದು ಮಾತ್ರ ಊರಿನದು. ತಿಪಟೂರು ಕಡೆಯ ನಮ್ಮ ಮನೆಯ ತುಳಸಿಕಟ್ಟೆಯ ಬುಡದಲ್ಲಿ ಹುಟ್ಟಿದ್ದ ಸಸಿ. ಅಮ್ಮ ಅದನ್ನು ಮಣ್ಣು ಸಮೇತ ಎತ್ತಿ, ಖಾಲಿ ಹಾಲಿನ ಪ್ಯಾಕೆಟ್ಟಿಗೆ ಹಾಕಿ ಕೊಟ್ಟಿದ್ದಳು. ಆ ಕಟ್ಟೆ ನಮ್ಮಜ್ಜಿ ಕಾಲದ್ದು.

ತಂದು ಟೀವಿ ಪಕ್ಕ ಇಟ್ಟೆ. ಆಫೀಸಿಗೆ ಹೊರಡುವ ಮುಂಚೆ ಒಂದು ಲೋಟ ನೀರು, ರಾತ್ರಿ ಬಂದ ಮೇಲೆ ಇನ್ನೊಂದು ಲೋಟ. ಇಪ್ಪತ್ತು ದಿನದಲ್ಲಿ ಎಲೆ ಎಲ್ಲ ಉದುರಿ ಕಡ್ಡಿ ಉಳಿಯಿತು. ಅಮ್ಮನಿಗೆ ಹೇಳೋಕೆ ಬಾಯಿ ಬರಲಿಲ್ಲ. ನರ್ಸರಿಯಿಂದ ಬೇರೆ ತುಳಸಿ ತಂದು ಅದೇ ಕುಂಡದಲ್ಲಿ ನೆಟ್ಟು, ಫೋಟೋ ತೆಗೆದು ಕಳಿಸಿದೆ. "ಚೆನ್ನಾಗಿ ಬಂದೈತೆ ಬಿಡು" ಅಂದಳು.

ಹಳ್ಳಿಯಲ್ಲಿ ಹುಟ್ಟಿ ಬೆಳೆದವನಿಗೆ ಒಂದು ತುಳಸಿ ಉಳಿಸಿಕೊಳ್ಳಲು ಬರಲಿಲ್ಲವಲ್ಲ ಅನ್ನೋದು ತುಂಬಾ ದಿನ ಕೊರೆಯಿತು. ಆಮೇಲೆ ಯೋಚಿಸಿದೆ: ನಮ್ಮೂರಲ್ಲಿ ಮನೆಯೊಳಗೆ ಗಿಡ ಸಾಕಿದವರನ್ನು ನಾನು ನೋಡಿಯೇ ಇಲ್ಲ. ತುಳಸಿ ಅಂಗಳದಲ್ಲಿ, ದಾಸವಾಳ ಬೇಲಿ ಸಾಲಲ್ಲಿ, ಕನಕಾಂಬರ ಬಚ್ಚಲ ನೀರು ಹರಿಯುವ ಕಡೆ. ಮನೆಯೊಳಗೆ ಇರುತ್ತಿದ್ದದ್ದು ರಾಗಿ ಮೂಟೆ, ಕೊಬ್ಬರಿ. ಹಾಗಾದರೆ ಗಿಡವನ್ನು ಹಾಲ್‌ಗೆ ತಂದು ಕೂರಿಸಿದವರು ಯಾರು? ಹುಡುಕುತ್ತಾ ಹೋದಾಗ ಸಿಕ್ಕಿದ್ದು ಲಂಡನ್ನಿನ ಒಬ್ಬ ಡಾಕ್ಟರು.

ಯುರೋಪಿನ ರಾಜರು ಕಿತ್ತಳೆ ಗಿಡಗಳಿಗೆಂದೇ ದೊಡ್ಡ ಕಟ್ಟಡ ಕಟ್ಟಿಸಿ ಚಳಿಗಾಲ ಕಳೆಸುತ್ತಿದ್ದದ್ದು ಇನ್ನೂ ಹಳೆಯ ಕಥೆ. ಅದು ದುಡ್ಡಿದ್ದವರ ಶೋಕಿ. ಸಾಧಾರಣ ಮನೆಯ ಕಿಟಕಿಗೆ ಗಿಡ ಬಂದದ್ದರಲ್ಲಿ ನಥಾನಿಯಲ್ ಬ್ಯಾಗ್‌ಶಾ ವಾರ್ಡ್ ಅವರ ಪಾಲು ದೊಡ್ಡದು. ಅವರು ಪೂರ್ವ ಲಂಡನ್ನಿನ ವೆಲ್‌ಕ್ಲೋಸ್ ಸ್ಕ್ವೇರ್‌ನಲ್ಲಿ ವೈದ್ಯರು. ಜರೀಗಿಡ ಅಂದರೆ ಪ್ರಾಣ. ಆದರೆ ಸುತ್ತಲಿನ ಕಲ್ಲಿದ್ದಲ ಹೊಗೆಗೆ ನೆಟ್ಟದ್ದೆಲ್ಲ ಸಾಯುತ್ತಿತ್ತು. 1829ರಲ್ಲಿ ಅವರು ಒಂದು ಪತಂಗದ ಕೋಶವನ್ನು ಒದ್ದೆ ಮಣ್ಣಿನ ಜೊತೆ ಗಾಜಿನ ಬಾಟಲಿಯಲ್ಲಿಟ್ಟು ಮುಚ್ಚಿದರು. ಪತಂಗ ಹೊರಬರುವುದನ್ನು ನೋಡುವುದು ಅವರ ಉದ್ದೇಶ. ಪತಂಗಕ್ಕಿಂತ ಮೊದಲು ಆ ಮಣ್ಣಿನಲ್ಲಿ ಒಂದು ಜರೀಗಿಡ, ಒಂದು ಹುಲ್ಲು ಮೊಳೆತವು. ಹೊರಗೆ ಬದುಕದ ಗಿಡ ಬಾಟಲಿಯೊಳಗೆ ಬದುಕಿತ್ತು!

ಕಾರಣ ಸರಳ. ಬಾಟಲಿಯೊಳಗೆ ಮಸಿ ಬರುವುದಿಲ್ಲ. ಹಗಲು ಮಣ್ಣಿನ ತೇವ ಆವಿಯಾಗಿ ಗಾಜಿಗೆ ಅಂಟುತ್ತದೆ, ತಣ್ಣಗಾದಾಗ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುತ್ತದೆ. ವಾರ್ಡ್ ಆ ಬಾಟಲಿಯನ್ನು ಉತ್ತರ ದಿಕ್ಕಿನ ಕಿಟಕಿಯ ಹೊರಗೆ ಇಟ್ಟರು. ಹೆಚ್ಚುಕಡಿಮೆ ನಾಲ್ಕು ವರ್ಷ ಒಂದು ಹನಿ ನೀರು ಹಾಕದೆಯೇ ಎರಡೂ ಬದುಕಿದವು. ಕೊನೆಗೆ ಸತ್ತದ್ದು ಹೇಗೆ ಗೊತ್ತಾ? ಬಾಟಲಿಯ ಮುಚ್ಚಳ ತುಕ್ಕು ಹಿಡಿದು, ಮಳೆನೀರು ಒಳಗೆ ಹೋಗಿ. ಇದನ್ನು ಓದಿದಾಗ ನನಗೆ ನಗು ಬರಲಿಲ್ಲ. ನನ್ನ ತುಳಸಿ ಕುಂಡ ನೆನಪಾಯಿತು.

ಈ ಬಾಟಲಿ ಅಲ್ಲಿಗೇ ನಿಲ್ಲಲಿಲ್ಲ. ಆ ಕಾಲದಲ್ಲಿ ಹಡಗಿನಲ್ಲಿ ಗಿಡ ಸಾಗಿಸುವುದು ಜೂಜಾಟವಿದ್ದ ಹಾಗೆ. ಉಪ್ಪುನೀರಿನ ಎರಚಲು, ಬಿಸಿಲು, ಕುಡಿಯೋ ನೀರಿಗೇ ಬರ. ಚೀನಾದಿಂದ ಇಂಗ್ಲೆಂಡಿಗೆ ಒಂದು ಗಿಡ ಜೀವಂತ ತಲುಪಬೇಕಾದರೆ ಸಾವಿರ ಸಾಯುತ್ತವೆ ಎಂದು ಮಕಾವ್‌ನಲ್ಲಿದ್ದ ಜಾನ್ ಲಿವಿಂಗ್‌ಸ್ಟನ್ ಎಂಬ ವೈದ್ಯರು 1819ರಲ್ಲಿ ಅಂದಾಜು ಕೊಟ್ಟಿದ್ದರು. ವಾರ್ಡ್ 1833ರಲ್ಲಿ ಬಾಟಲಿಯ ಬದಲು ಗಾಜಿನ ಪೆಟ್ಟಿಗೆ ಮಾಡಿಸಿ, ಜರೀಗಿಡ ಮತ್ತು ಹುಲ್ಲು ತುಂಬಿಸಿ ಸಿಡ್ನಿಗೆ ಕಳಿಸಿದರು. ತಿಂಗಳುಗಟ್ಟಲೆ ಪ್ರಯಾಣದ ನಂತರವೂ ಗಿಡಗಳು ಹಸಿರಾಗಿದ್ದವು. ವಾಪಸ್ ಬರುವಾಗ ಅದೇ ಪೆಟ್ಟಿಗೆಗಳಲ್ಲಿ ಆಸ್ಟ್ರೇಲಿಯಾದ ಗಿಡಗಳು ಬಂದವು. 1842ರಲ್ಲಿ ವಾರ್ಡ್ ಇದರ ಬಗ್ಗೆ ಪುಸ್ತಕವನ್ನೇ ಬರೆದರು. 1845ರಲ್ಲಿ ಬ್ರಿಟನ್ ಗಾಜಿನ ಮೇಲಿನ ತೆರಿಗೆ ತೆಗೆದುಹಾಕಿದ ಮೇಲೆ ಗಾಜು ಅಗ್ಗವಾಯಿತು. ಮಧ್ಯಮವರ್ಗದ ಮನೆಗಳಲ್ಲೂ ಗಾಜಿನ ಪೆಟ್ಟಿಗೆ, ಅದರಲ್ಲಿ ಜರೀಗಿಡ. ಇವತ್ತು ನಾವು ಟೆರೇರಿಯಂ ಅಂತ ದುಡ್ಡು ಕೊಟ್ಟು ತರುವುದು ಅದನ್ನೇ.

ಈ ಪೆಟ್ಟಿಗೆಗೆ ಇನ್ನೊಂದು ಮುಖವೂ ಇದೆ. 1848ರಲ್ಲಿ ಈಸ್ಟ್ ಇಂಡಿಯಾ ಕಂಪನಿ ರಾಬರ್ಟ್ ಫಾರ್ಚೂನ್ ಎಂಬ ಸಸ್ಯತಜ್ಞನನ್ನು ಚೀನಾಕ್ಕೆ ಕಳಿಸಿತು. ಕೆಲಸ ಏನು? ಟೀ ಗಿಡ ಕದ್ದು ತರುವುದು. ಆತ ಚೀನೀಯರ ವೇಷ ಹಾಕಿಕೊಂಡು ಒಳನಾಡು ಸುತ್ತಿದ. ಟೀ ಬೀಜವನ್ನು ಹಾಗೇ ಕಳಿಸಿದರೆ ದಾರಿಯಲ್ಲೇ ಕೆಡುತ್ತಿತ್ತು. ವಾರ್ಡ್ ಪೆಟ್ಟಿಗೆಯ ಮಣ್ಣಿನಲ್ಲೇ ಬೀಜ ಬಿತ್ತಿ ಕಳಿಸಿದಾಗ ಅವು ಪ್ರಯಾಣದಲ್ಲೇ ಮೊಳೆತವು. 1851ರಲ್ಲಿ ಹೀಗೆ ಸಾವಿರಾರು ಸಸಿಗಳು ಹಿಮಾಲಯದ ತಪ್ಪಲಿನ ತೋಟಗಳಿಗೆ ಬಂದವು.

ಅಲ್ಲಿ ಫಾರ್ಚೂನ್ ಏನು ಕಂಡ? ಕೆಲವು ತೋಟಗಳನ್ನು ತಗ್ಗಿನ, ನೀರು ನಿಲ್ಲುವ ಜಾಗದಲ್ಲಿ ಮಾಡಿ, ಭತ್ತಕ್ಕೆ ಕೊಟ್ಟ ಹಾಗೆ ನೀರು ಕೊಡುತ್ತಿದ್ದರು. ಚೀನಾದಲ್ಲಿ ಟೀ ಬೆಳೆಯುವುದು ನೀರು ಇಳಿದುಹೋಗುವ ಇಳಿಜಾರಿನಲ್ಲಿ, ಇಷ್ಟೊಂದು ನೀರು ಹಾಯಿಸುವುದು ತಪ್ಪು ಎಂದು ಆತ ವರದಿ ಬರೆದ. ಸರ್ಕಾರಿ ತೋಟದ ಸಾಹೇಬರಿಂದ ಹಿಡಿದು ಟೀವಿ ಪಕ್ಕ ಕುಂಡ ಇಟ್ಟ ನನ್ನವರೆಗೆ ಎಲ್ಲರದ್ದೂ ಒಂದೇ ತಪ್ಪು.

ನಮಗೆ ಹತ್ತಿರದ ಊಟಿಗೂ ಈ ಪೆಟ್ಟಿಗೆ ಬಂದಿದೆ. ಮಲೇರಿಯಾಕ್ಕೆ ಕ್ವಿನೈನ್ ಕೊಡುವ ಸಿಂಕೋನಾ ಗಿಡಗಳನ್ನು ಕ್ಲೆಮೆಂಟ್ಸ್ ಮಾರ್ಕಮ್ 1860ರಲ್ಲಿ ಪೆರುವಿನಿಂದ ತಂದಾಗ ಕೆಂಪು ಸಮುದ್ರದ ಸೆಕೆಗೆ ಸಿಕ್ಕಿದ ಆ ಗಿಡಗಳು ಉಳಿಯಲಿಲ್ಲ. 1861ರಲ್ಲಿ ಈಕ್ವೆಡಾರ್ ಕಡೆಯಿಂದ ಬಂದ ಇನ್ನೊಂದು ತಂಡದ ಸಸಿಗಳು ನೀಲಗಿರಿಯಲ್ಲಿ ಬೇರು ಬಿಟ್ಟವು. ಹೊಗೆಯಿಂದ ಜರೀಗಿಡ ಉಳಿಸಲು ಹುಟ್ಟಿದ ಉಪಾಯ ಒಂದು ಸಾಮ್ರಾಜ್ಯದ ಟೀ, ಔಷಧಿ ಎರಡನ್ನೂ ಹೊತ್ತಿತು. ಗಿಡ ಯಾರ ನೆಲದ್ದೋ ಅವರನ್ನು ಕೇಳಿದವರಿಲ್ಲ.

ಈಗ ನಮ್ಮ ನಿಮ್ಮ ಹಾಲ್‌ಗೆ ಬರೋಣ. ನರ್ಸರಿಯವರು ಹೊಸಬರಿಗೆ ಮೂರು ಗಿಡ ತೋರಿಸುತ್ತಾರೆ: ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಜೀಜೀ ಪ್ಲಾಂಟ್. ಯಾವುದೂ ಇಲ್ಲಿಯದಲ್ಲ. ಮನಿ ಪ್ಲಾಂಟ್ ಮೂಲ ಪೆಸಿಫಿಕ್ ಸಾಗರದ ಮೋರೆಯಾ ದ್ವೀಪ. ದೊಡ್ಡ ಮರಗಳ ನೆರಳಲ್ಲಿ ಹಬ್ಬುವ ಬಳ್ಳಿ, ಹಾಗಾಗಿ ನಮ್ಮ ಮಬ್ಬು ಬೆಳಕೂ ಅದಕ್ಕೆ ಸಾಕು. ಅದು ಹೂ ಬಿಡುವುದೇ ಅಪರೂಪ. ಹೂ ಬಿಡಲು ಬೇಕಾದ ಹಾರ್ಮೋನು ತಯಾರಿಸುವ ಜೀನ್ ಅದರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು 2016ರಲ್ಲಿ ವಿಜ್ಞಾನಿಗಳು ತೋರಿಸಿದರು. ಅಂದರೆ ಪಕ್ಕದ ಮನೆಯವರು ಮುರಿದು ಕೊಟ್ಟ ತುಂಡಿನಿಂದಲೇ ಅದು ಲೋಕ ಸುತ್ತಿದೆ. ನಮ್ಮ ಭಾಷೆಯಲ್ಲಿ ಶುದ್ಧ ಕಾಪಿ ಪೇಸ್ಟ್. ಸ್ನೇಕ್ ಪ್ಲಾಂಟ್ ಪಶ್ಚಿಮ ಆಫ್ರಿಕಾದ್ದು, ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಜೀಜೀ ಪೂರ್ವ ಆಫ್ರಿಕಾದ್ದು, ಮಣ್ಣಿನೊಳಗೆ ಆಲೂಗಡ್ಡೆಯಂಥ ಗಡ್ಡೆ. ಡಚ್ ನರ್ಸರಿಗಳು ಅದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಲು ಶುರು ಮಾಡಿದ್ದೇ 1990ರ ದಶಕದಲ್ಲಿ.

ಈ ಗಿಡಗಳು ಮನೆಯ ಗಾಳಿ ಶುದ್ಧ ಮಾಡುತ್ತವೆ ಅನ್ನೋ ಫಾರ್ವರ್ಡ್ ನಿಮಗೂ ಬಂದಿರುತ್ತೆ. 1989ರಲ್ಲಿ ನಾಸಾ ಮಾಡಿದ ಪ್ರಯೋಗ ನಡೆದದ್ದು ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ. ಮಾಮೂಲಿ ಮನೆಯಲ್ಲಿ ಕಿಟಕಿ ತೆರೆದಷ್ಟು ಪರಿಣಾಮ ಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಎಂದು 2019ರ ಒಂದು ವಿಮರ್ಶೆ ಲೆಕ್ಕ ಹಾಕಿತು. ಗಿಡ ಇಷ್ಟವಿದ್ದರೆ ತನ್ನಿ, ಗಾಳಿಗಾಗಿ ಕಿಟಕಿ ತೆರೆಯಿರಿ.

ಇಷ್ಟೆಲ್ಲ ಓದಿ ನಾನು ಕಲಿತದ್ದು ಮೂರೇ ಮಾತು. ಒಂದು, ಗಿಡ ಆರಿಸುವ ಮುಂಚೆ ಮನೆಯ ಬೆಳಕು ನೋಡಿ. ಯಾವ ಗಿಡ ಚೆಂದ ಅನ್ನೋದು ಆಮೇಲಿನ ಪ್ರಶ್ನೆ. ಅದರ ಹುಟ್ಟೂರಲ್ಲಿ ಎಷ್ಟು ಬೆಳಕಿತ್ತು ಅನ್ನೋದು ಮೊದಲು. ಎರಡು, ಕುಂಡದ ತಳದಲ್ಲಿ ತೂತು ಇರಲೇಬೇಕು, ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಚೆಲ್ಲಬೇಕು. ಬೇರಿಗೂ ಗಾಳಿ ಬೇಕು. ಮಣ್ಣು ಸದಾ ಕೆಸರಾಗಿದ್ದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಮೂರು, ಕ್ಯಾಲೆಂಡರ್ ನೋಡಿ ನೀರು ಹಾಕಬೇಡಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ಹಾಕಿ.

ಹೋದ ದೀಪಾವಳಿ ಆದಮೇಲೆ ಅಮ್ಮ ಬಂದಿದ್ದಳು. ಬ್ಯಾಗು ಇಳಿಸಿ ನೇರ ತುಳಸಿ ಹತ್ತಿರ ಹೋಗಿ ಒಂದೆಲೆ ಮುಟ್ಟಿದಳು.

"ಇದು ನಮ್ ತುಳಸಿ ಅಲ್ಲ ಕಣಪ್ಪಾ. ನಮ್ದು ಕೃಷ್ಣ ತುಳಸಿ, ಕಪ್ಪೆಲೆದು."

ನನಗೆ ಮಾತು ಹೊರಡಲಿಲ್ಲ.

"ಫೋಟೋ ನೋಡ್ದಾಗ್ಲೇ ಗೊತ್ತಾಗಿತ್ತು. ಹೋಗ್ಲಿ ಬಿಡು, ನೀರು ಜಾಸ್ತಿ ಆಗಿರ್ಬೇಕು. ಅದೂ ಅಲ್ದೆ ಬಿಸ್ಲು ಬೇಡ್ವಾ ಅದಕ್ಕೆ? ಒಳಗೆ ಕೂರೋ ಗಿಡ ಅಲ್ಲ ಅದು."

ಕುಂಡ ಬಾಲ್ಕನಿಗೆ ಹೋಯಿತು. ಸೀರೆ ಸೆರಗಿನ ಗಂಟಿನಿಂದ ಅಮ್ಮ ಒಣಗಿದ ತುಳಸಿ ಕದಿರು ತೆಗೆದು, ಪಕ್ಕದ ಖಾಲಿ ಕುಂಡದಲ್ಲಿ ಉದುರಿಸಿದಳು. ಈಗ ಅಲ್ಲಿ ಗೇಣುದ್ದದ ಎರಡು ಕಪ್ಪು ತುಳಸಿ ಇವೆ.

ಊರಿಗೆ ಹೊರಟಾಗ ನಾನು ಮನಿ ಪ್ಲಾಂಟಿನ ಒಂದು ತುಂಡು ಕತ್ತರಿಸಿ, ನೀರಿನ ಬಾಟಲಿಯಲ್ಲಿ ಹಾಕಿ ಬಸ್ಸಿನಲ್ಲಿ ಅಮ್ಮನ ಕೈಗೆ ಕೊಟ್ಟೆ.

"ಕುಂಡಕ್ಕೆ ಹಾಕಿದ್ಮೇಲೆ ದಿನಾ ನೀರು ಹಾಕ್ಬೇಡಮ್ಮ, ಮಣ್ಣು ಮುಟ್ಟಿ ನೋಡಿ ಹಾಕು" ಅಂದೆ.

"ನನಗೇ ಹೇಳ್ಕೊಡ್ತೀಯಾ?" ಅಂತ ನಕ್ಕು, ಬಾಟಲಿಯನ್ನು ಮಡಿಲಲ್ಲಿ ಇಟ್ಟುಕೊಂಡಳು.