ಹಾರುವ ತಟ್ಟೆಯಿಂದ ಮೋಹಿನಿಯವರೆಗೆ: ಹೊತ್ತೊಯ್ದ ಅನುಭವದ ಅಧ್ಯಯನ

ಅನ್ಯಗ್ರಹದವರು ಹೊತ್ತೊಯ್ದರೆಂಬ ಅನುಭವವೂ ದೆವ್ವ ಮೆಟ್ಟಿಕೊಂಡಿತೆಂಬ ಅನುಭವವೂ ಬಹುಕಾಲ ಬೇರೆ ಬೇರೆ ಅಧ್ಯಯನಗಳ ಪಾಲಾಗಿದ್ದವು. ಮೊದಲನೆಯದು ಅಮೆರಿಕದಲ್ಲಿ ಬೆಳೆಯಿತು. 1961ರ ಸೆಪ್ಟೆಂಬರಿನ ಒಂದು ರಾತ್ರಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಕಾರಿನಲ್ಲಿ ಬರುತ್ತಿದ್ದ ಬೆಟ್ಟಿ ಮತ್ತು ಬಾರ್ನಿ ಹಿಲ್ ದಂಪತಿ ಆಕಾಶದಲ್ಲಿ ವಿಚಿತ್ರ ಬೆಳಕು ಕಂಡರು. ಆಮೇಲೆ ಬೆಟ್ಟಿಗೆ ದುಃಸ್ವಪ್ನಗಳು, ಬಾರ್ನಿಗೆ ಬಿಡದ ಆತಂಕ. 1964ರಲ್ಲಿ ಮನೋವೈದ್ಯ ಬೆಂಜಮಿನ್ ಸೈಮನ್ ಸಂಮೋಹನಕ್ಕೆ ಒಳಪಡಿಸಿದಾಗ ಅಪಹರಣದ ಕಥೆ ಹೊರಬಂತು. ಕಥೆಯ ಮೂಲ ಬೆಟ್ಟಿಯ ಕನಸುಗಳಲ್ಲಿದೆ ಎಂಬುದೇ ಸೈಮನ್ ಅಭಿಪ್ರಾಯ. ಆದರೆ ಜನಕ್ಕೆ ನೆನಪುಳಿದದ್ದು ಕಥೆ, ವೈದ್ಯರ ಮಾತಲ್ಲ. 1994ರಲ್ಲಿ ಹಾರ್ವರ್ಡ್‌ನ ಮನೋವೈದ್ಯ ಜಾನ್ ಮ್ಯಾಕ್ ಇಂಥ ಅನುಭವಸ್ಥರ ಮಾತನ್ನು ನಂಬುವ ಧಾಟಿಯಲ್ಲಿ ಪುಸ್ತಕ ಬರೆದು ಸಹೋದ್ಯೋಗಿಗಳ ಕೆಂಗಣ್ಣಿಗೆ ಗುರಿಯಾದರು.

ರಾಮನಗರ, ಮಾಗಡಿ, ಕನಕಪುರದ ಹಳ್ಳಿಗಳಲ್ಲಿ ಅನ್ಯಗ್ರಹದವರ ಜಾಗದಲ್ಲಿರುವುದು ಗಾಳಿ, ಮೋಹಿನಿ, ಕೊಳ್ಳಿದೆವ್ವ. ಅಮಾವಾಸ್ಯೆಯ ಹೊತ್ತಿನಲ್ಲಿ ಹೊಲದಿಂದ ಬರುವಾಗ ಬೆಚ್ಚಿದವನು ಜ್ವರ ಬಂದು ಮಲಗಿದರೆ ಗಾಳಿ ಸೋಕಿದೆ ಎನ್ನುತ್ತಾರೆ. ಬೇವಿನ ಸೊಪ್ಪಿನಲ್ಲಿ ನೀವಿ, ತಾಯತ ಕಟ್ಟಿಸುತ್ತಾರೆ. ಒಂದು ಕಾಲಕ್ಕೆ ಬಾಗಿಲು ತಟ್ಟುವ ದೆವ್ವಕ್ಕೆ ಹೆದರಿ ಬೆಂಗಳೂರು ಸೀಮೆಯ ಗೋಡೆಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದೂ ಇದೇ ಭಯದ ಕವಲು.

ದೆವ್ವ ಮೆಟ್ಟುವುದನ್ನು ಶಾಸ್ತ್ರೀಯವಾಗಿ ನೋಡುವ ಕೆಲಸಕ್ಕೆ ಕರ್ನಾಟಕದಲ್ಲಿ ಗಟ್ಟಿ ಬುನಾದಿ ಬಿದ್ದದ್ದು 1970ರ ದಶಕದಲ್ಲಿ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು ಕರಾವಳಿಯ ಕೋಟದಲ್ಲಿ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಮೈಮೇಲೆ ಬರುವುದನ್ನೂ ಅದು ಊರಿನ ಬದುಕಿನ ಭಾಗವಾಗಿ ನೋಡಿತು. ಮುಂದಿನ ಹೆಸರು ಚನ್ನಪಟ್ಟಣದ ಡಾ. ಸಿ. ಆರ್. ಚಂದ್ರಶೇಖರ್. ನಿಮ್ಹಾನ್ಸ್‌ನ ಈ ಮನೋವೈದ್ಯರು 1981ರಲ್ಲಿ, ಒಬ್ಬರಿಂದೊಬ್ಬರಿಗೆ ಹಬ್ಬಿದ ದೆವ್ವ ಹಿಡಿಯುವಿಕೆಗೆ ಸಿಕ್ಕಿದವರೊಬ್ಬರ ಪ್ರಕರಣವನ್ನು ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದರು. ಅದಕ್ಕಿಂತ ದೊಡ್ಡ ಕೆಲಸವೆಂದರೆ ಮನಸ್ಸಿನ ಕಾಯಿಲೆಗಳ ಬಗ್ಗೆ ಹಳ್ಳಿಯವರೂ ಓದಬಲ್ಲ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದದ್ದು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಷ್ಟರೊಳಗೆ, ವಿಶ್ವ ಆರೋಗ್ಯ ಸಂಸ್ಥೆಯ 1992ರ ಐಸಿಡಿ-10 ರೋಗಪಟ್ಟಿ ಮೈದುಂಬುವಿಕೆಗೆ ಪ್ರತ್ಯೇಕ ಸ್ಥಾನ ಕೊಟ್ಟಿತ್ತು. ಧರ್ಮಾಚರಣೆಯ ಭಾಗವಾಗಿ ಬರುವುದನ್ನು ಕಾಯಿಲೆಯಿಂದ ಹೊರಗಿಟ್ಟಿತ್ತು.

ಅಪಹರಣದ ಅಧ್ಯಯನವೂ ದೆವ್ವದ ಅಧ್ಯಯನವೂ ಕೂಡುವುದು ನಿದ್ದೆಯಲ್ಲಿ. ಕನಸಿನ ಹಂತದಲ್ಲಿ ಸ್ನಾಯುಗಳು ಸಡಿಲಗೊಂಡಿರುತ್ತವೆ. ಆ ಸ್ಥಿತಿ ಕಳೆಯುವ ಮುನ್ನವೇ ಎಚ್ಚರವಾದರೆ ಕಣ್ಣು ಬಿಟ್ಟಿರುತ್ತದೆ, ಕೈಕಾಲು ಆಡುವುದಿಲ್ಲ, ಯಾರೋ ಎದೆಯ ಮೇಲೆ ಕೂತು ಅದುಮಿದಂತಾಗುತ್ತದೆ. ಇದೇ ಸ್ಲೀಪ್ ಪ್ಯಾರಾಲಿಸಿಸ್. ಕೂತದ್ದು ಯಾರೆಂಬುದನ್ನು ಊರು ಹೇಳುತ್ತದೆ. ಎಲ್ಲ ಪ್ರಕರಣಗಳನ್ನೂ ಇದೊಂದೇ ವಿವರಿಸದು. ನಡುಹಗಲಿನಲ್ಲಿ ದನಿ ಬದಲಿಸಿ ಮಾತಾಡುವ ಸೊಸೆಯ ಸಂಕಟದ ಬೇರು ಮನೆಯೊಳಗೇ ಇರಬಹುದು.

ಪರಿಣಾಮ ಮಾತ್ರ ಸುಳ್ಳಲ್ಲ. 2004ರಲ್ಲಿ ಮನಶ್ಶಾಸ್ತ್ರಜ್ಞ ರಿಚರ್ಡ್ ಮೆಕ್‌ನಾಲಿ ತಂಡ ಅಪಹರಣಕ್ಕೊಳಗಾದೆವೆಂದ 10 ಮಂದಿಗೆ ಅವರದೇ ಅನುಭವದ ಧ್ವನಿಮುದ್ರಣ ಕೇಳಿಸಿತು. ಎದೆಬಡಿತ, ಬೆವರು ಎರಡೂ ಯುದ್ಧದಂಥ ಆಘಾತ ಕಂಡವರಿಗೆ ಆಗುವಷ್ಟೇ ಏರಿದವು. ಹೀಗಿದ್ದೂ ಆ ಅನುಭವದಿಂದ ಬದುಕಿಗೆ ಅರ್ಥ ಬಂತೆಂದವರು ಅವರಲ್ಲಿ ಹಲವರು. ಇಲ್ಲಿಯ ಲೆಕ್ಕ ಬೇರೆ. ದೇವರು ಬಂದವಳ ಮುಂದೆ ಊರು ಕೈಮುಗಿದು ಕಣಿ ಕೇಳುತ್ತದೆ. ದೆವ್ವ ಹಿಡಿದಿತ್ತೆಂಬ ಸುದ್ದಿ ಹಬ್ಬಿದ ಹುಡುಗಿಗೆ ಗಂಡು ಸಿಗುವುದೇ ಕಷ್ಟವಾಗುತ್ತದೆ, ಆದ್ದರಿಂದ ಮನೆಯವರು ಆಸ್ಪತ್ರೆಗೂ ಗುಟ್ಟಾಗಿಯೇ ಕರೆತರುತ್ತಾರೆ.