ಒಂದು ಹಾಡು, ಎರಡು ಅಂಚೆಚೀಟಿ

2025ರ ನವೆಂಬರ್ 7ರಂದು ದೆಹಲಿಯಲ್ಲಿ ಪ್ರಧಾನಿಯವರು ‘ವಂದೇ ಮಾತರಂ’ ಗೀತೆಗೆ 150 ವರ್ಷ ಅಂತ ಒಂದು ಅಂಚೆಚೀಟಿ, ಒಂದು ನಾಣ್ಯ ಬಿಡುಗಡೆ ಮಾಡಿದರು. ಆದರೆ ಈ ಹಾಡಿಗೆ ಅಂಚೆಚೀಟಿ ಬಂದಿದ್ದು ಇದೇ ಮೊದಲಲ್ಲ. 1976ರ ಡಿಸೆಂಬರ್ 30ರಂದೇ ಶತಮಾನೋತ್ಸವದ ನೆನಪಿಗೆ 25 ಪೈಸೆಯ ಚೀಟಿ ಬಂದಿತ್ತು.

ಎರಡನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿ. 1976ಕ್ಕೆ ನೂರು ಅಂದ್ರೆ ನೂರೈವತ್ತು ಬರಬೇಕಾದ್ದು 2026ಕ್ಕೆ. ಕೋಡ್ ಬರೆಯೋ ನಮ್ಮಂಥವರಿಗೆ ಇದು ಒಂದರ ತಪ್ಪು ಅಂತ ಕಾಣುತ್ತೆ. ನಿಜ ಏನಂದ್ರೆ, ಬಂಕಿಮಚಂದ್ರ ಚಟರ್ಜಿ ಈ ಹಾಡು ಬರೆದದ್ದು 1870ರ ದಶಕದಲ್ಲಿ. 1875ರ ನವೆಂಬರ್ 7 ಅನ್ನೋದು ನಡೆದುಬಂದ ನಂಬಿಕೆ. ಪುಸ್ತಕದಲ್ಲಿ ಅದು ಓದುಗರ ಕೈಗೆ ಬಂದದ್ದು 1882ರಲ್ಲಿ, ‘ಆನಂದಮಠ’ ಕಾದಂಬರಿಯ ಒಳಗೆ. (ಬಂಕಿಮರ ಕಾದಂಬರಿಗಳನ್ನು ನೇರ ಬಂಗಾಳಿಯಿಂದ ಕನ್ನಡಕ್ಕೆ ತಂದವರು ಬಿ. ವೆಂಕಟಾಚಾರ್ಯರು.)

ವರ್ಷದ ಲೆಕ್ಕ ಬಿಡಿ. ನನಗೆ ಕುತೂಹಲ ಇರೋದು ಸರ್ಕಾರಕ್ಕೂ ಈ ಹಾಡಿಗೂ ಇದ್ದ ನಂಟಿನ ಬಗ್ಗೆ.

ಮೊದಲನೇದಾಗಿ, ಹಾಡು ಬರೆದವರೇ ಸರ್ಕಾರಿ ನೌಕರರು. ಬಂಕಿಮರು ಬ್ರಿಟಿಷ್ ಸರ್ಕಾರದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಆಗಿದ್ದರು. ಅವರು ತೀರಿಕೊಂಡಿದ್ದು 1894ರಲ್ಲಿ. ಎರಡು ವರ್ಷದ ನಂತರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ರವೀಂದ್ರನಾಥ ಟ್ಯಾಗೋರರು ಅದನ್ನು ಹಾಡಿದಾಗ ಕೇಳೋಕೆ ಬಂಕಿಮರು ಇರಲಿಲ್ಲ.

1905ರಲ್ಲಿ ಕರ್ಜನ್ ಬಂಗಾಳವನ್ನು ಒಡೆದ. ಕಾದಂಬರಿಯ ಹಾಡು ಬೀದಿಗೆ ಬಂತು. ಪೂರ್ವ ಬಂಗಾಳದಲ್ಲಿ ಆ ಎರಡು ಪದ ಕೂಗೋದನ್ನೇ ಸರ್ಕಾರ ನಿಷೇಧಿಸಿತು. 1906ರ ಏಪ್ರಿಲ್‌ನಲ್ಲಿ ಬಾರಿಸಾಲ್ ಸಮ್ಮೇಳನಕ್ಕೆ ಬಂದವರ ಮೇಲೆ ಪೊಲೀಸರ ಲಾಠಿ ಬಿತ್ತು. ಆ ದಿನಗಳಲ್ಲಿ ಕಾಗದಕ್ಕೆ ಅಂಟಿಸುತ್ತಿದ್ದ ಚೀಟಿಯ ಮೇಲಿದ್ದದ್ದು ಏಳನೇ ಎಡ್ವರ್ಡ್ ದೊರೆಯ ಮುಖ. ಮರುವರ್ಷ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಮೇಡಂ ಕಾಮಾ ಎತ್ತಿ ಹಿಡಿದ ಬಾವುಟದ ನಡುವೆ ‘ವಂದೇ ಮಾತರಂ’ ಅಂತ ಬರೆದಿತ್ತು.

ಹಾಗಂತ ಹಾಡಿಗೆ ತಕರಾರು ಬಂದಿದ್ದು ಬ್ರಿಟಿಷರಿಂದ ಮಾತ್ರ ಅಲ್ಲ. ಮುಂದಿನ ಚರಣಗಳಲ್ಲಿ ತಾಯಿ ದುರ್ಗೆಯಾಗುತ್ತಾಳೆ. ಕಾದಂಬರಿಯ ಕಥೆಯೂ ಮುಸಲ್ಮಾನರಿಗೆ ನೋವು ತರುವಂಥದ್ದು. ಟ್ಯಾಗೋರರ ಸಲಹೆಯನ್ನೂ ಕೇಳಿ, 1937ರಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಮೊದಲ ಎರಡು ಚರಣ ಸಾಕು ಅಂತ ತೀರ್ಮಾನಿಸಿತು. ಅದು ಸರಿಯೋ ತಪ್ಪೋ ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ. 1950ರ ಜನವರಿ 24ರಂದು ಸಂವಿಧಾನ ಸಭೆಯಲ್ಲಿ ರಾಜೇಂದ್ರ ಪ್ರಸಾದರು ಒಂದು ಹೇಳಿಕೆ ಓದಿದರು: ‘ಜನ ಗಣ ಮನ’ ರಾಷ್ಟ್ರಗೀತೆ, ‘ವಂದೇ ಮಾತರಂ’ಗೂ ಅಷ್ಟೇ ಗೌರವ. ಮತಕ್ಕೆ ಹಾಕಲಿಲ್ಲ. ಸದಸ್ಯರು ಸಂವಿಧಾನಕ್ಕೆ ಸಹಿ ಮಾಡಿದ್ದೂ ಅವತ್ತೇ.

ಈಗ 1976ರ ಆ 25 ಪೈಸೆ ಚೀಟಿಗೆ ವಾಪಸ್ ಬನ್ನಿ. ಡಿಸೆಂಬರ್ 1976 ಅಂದ್ರೆ ತುರ್ತುಪರಿಸ್ಥಿತಿ. ಪತ್ರಿಕೆಗಳಿಗೆ ಸೆನ್ಸಾರ್, ಚುನಾವಣೆ ಮುಂದಕ್ಕೆ, ವಿಚಾರಣೆಯಿಲ್ಲದೆ ಜೈಲಿನಲ್ಲಿದ್ದವರು ಸಾವಿರಾರು ಜನ. ಒಂದು ಕಾಲದಲ್ಲಿ ಸರ್ಕಾರಕ್ಕೆ ಎದುರು ನಿಂತವರು ಲಾಠಿ ತಿಂದು ಕೂಗಿದ ಮಾತನ್ನು, ಎದುರು ಮಾತಾಡಿದವರನ್ನು ಒಳಗೆ ಹಾಕಿದ್ದ ಸರ್ಕಾರವೇ ಗೌರವದಿಂದ ಅಚ್ಚು ಹಾಕಿಸಿತ್ತು. ಆ ಚೀಟಿ ಅಂಟಿಸಿಕೊಂಡು ಹೋದ ಕಾಗದಗಳಲ್ಲಿ ಜೈಲಿನ ವಿಳಾಸಕ್ಕೆ ಹೋದವೂ ಇದ್ದಿರಬಹುದು.

ಇದು ಒಂದು ಪಕ್ಷದ ಮೇಲಿನ ದೂರು ಅಲ್ಲ. ಯಾವ ಸರ್ಕಾರ ಬಂದರೂ ಹಾಡನ್ನು ತನ್ನದು ಮಾಡಿಕೊಳ್ಳೋಕೆ ನೋಡುತ್ತೆ. ಅಂಚೆಚೀಟಿ ಅದಕ್ಕೆ ಸುಲಭದ ದಾರಿ. ಅಂಗೈಯಗಲವೂ ಇಲ್ಲದ ಕಾಗದದಲ್ಲಿ ಹಾಡಿನ ಹೆಸರು ಹಿಡಿಸುತ್ತೆ. ಬಾರಿಸಾಲಿನ ಲಾಠಿಯಾಗಲಿ, 1937ರ ವಾದವಾಗಲಿ ಹಿಡಿಸಲ್ಲ. ಬೆಂಗಳೂರಿನ ಜಿಪಿಒ ಕಡೆ ಹೋದಾಗ ಫಿಲಾಟೆಲಿ ಕೌಂಟರಿನಲ್ಲಿ ಈ ಚೀಟಿ ಸಿಕ್ಕರೆ ಖಂಡಿತ ತಗೊಳ್ಳಿ. ತಗೊಂಡು ಮನೆ ಮಕ್ಕಳಿಗೆ ತೋರಿಸುವಾಗ, ಒಂದು ಕಾಲದಲ್ಲಿ ಈ ಎರಡು ಪದ ಕೂಗಿದ್ದಕ್ಕೆ ಏಟು ಬೀಳುತ್ತಿತ್ತು ಅನ್ನೋದನ್ನೂ ಹೇಳಿ.