‘ಕನ್ನಡ ಸಾಲಿ’ಯಿಂದ ಬಿ.ಎಡ್.ವರೆಗೆ: ಜಮಖಂಡಿ ಸೀಮೆಯ ಶಿಕ್ಷಕ ತರಬೇತಿ ಮತ್ತು ಆಡುನುಡಿ

ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳ ಆಡುನುಡಿ ಬಹುಮಟ್ಟಿಗೆ ಒಂದೇ. ಆದರೆ 1948ರ ವಿಲೀನದವರೆಗೆ ಇವುಗಳ ಆಡಳಿತ ಒಂದಾಗಿರಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿ ಬ್ರಿಟಿಷರ ನೇರ ಆಳ್ವಿಕೆಯಲ್ಲಿತ್ತು. ಸಂಸ್ಥಾನಗಳ ದರಬಾರಿನ ಭಾಷೆ ಮರಾಠಿ. ರನ್ನನ ನಾಡಾದ ಮುಧೋಳದಲ್ಲಿಯೂ ಜನರ ಮಾತು ಒಂದು, ಕಚೇರಿಯ ಬರಹ ಇನ್ನೊಂದು ಎಂಬ ಸ್ಥಿತಿಯಿತ್ತು. ಈ ಸೀಮೆಯಲ್ಲಿ ಶಿಕ್ಷಕರ ತರಬೇತಿಯು ಮಗುವಿನ ನುಡಿಯನ್ನು ಹೇಗೆ ಕಂಡಿತು ಎಂಬುದೇ ಪ್ರಸ್ತುತ ಲೇಖನದ ಪ್ರಶ್ನೆ.

1854ರ ವುಡ್ ವರದಿಯು ಶಿಕ್ಷಕರಿಗಾಗಿ ನಾರ್ಮಲ್ ಶಾಲೆಗಳನ್ನು ತೆರೆಯಲು ಸೂಚಿಸಿತು. ಮುಂಬೈ ಪ್ರಾಂತದ ಕನ್ನಡ ಭಾಗಕ್ಕೆ ಧಾರವಾಡದ ನಾರ್ಮಲ್ ಶಾಲೆ ಅಂಥ ಕೇಂದ್ರವಾಯಿತು. ಅದರ ಮುಖ್ಯಾಧ್ಯಾಪಕರಾಗಿದ್ದ ಡೆಪ್ಯುಟಿ ಚೆನ್ನಬಸಪ್ಪನವರು, ಶಿಕ್ಷಣಾಧಿಕಾರಿ ರಸೆಲ್ಲರ ಬೆಂಬಲದೊಂದಿಗೆ, ಮರಾಠಿ ನೆಲೆಯೂರಿದ್ದ ಕಡೆ ಕನ್ನಡ ಶಾಲೆಗಳನ್ನು ಬೆಳೆಸಿದರು. ಅಂದಿನ ಹೋರಾಟ ಯಾವ ಭಾಷೆಯಲ್ಲಿ ಕಲಿಸಬೇಕು ಎಂಬುದಾಗಿತ್ತು. ಯಾವ ಕನ್ನಡದಲ್ಲಿ ಎಂಬ ಪ್ರಶ್ನೆ ಇನ್ನೂ ಎದ್ದಿರಲಿಲ್ಲ.

ಆ ಕಾಲದ ಗುರುತುಗಳು ಪದಕೋಶದಲ್ಲಿ ಉಳಿದಿವೆ. ಈ ಭಾಗದಲ್ಲಿ ಪ್ರಾಥಮಿಕ ಶಾಲೆ ಇಂದಿಗೂ ‘ಕನ್ನಡ ಸಾಲಿ’. ಶಿಕ್ಷಕ ‘ಮಾಸ್ತರ’, ತರಗತಿ ‘ಇಯತ್ತೆ’, ಹಾಜರಿ ‘ಹಜೇರಿ’, ರಜೆ ‘ಸೂಟಿ’. ಏಳನೆಯ ಇಯತ್ತೆಯ ‘ಮುಲ್ಕಿ ಪರೀಕ್ಷೆ’ಯಲ್ಲಿ ತೇರ್ಗಡೆಯಾದವರು ಮಾಸ್ತರರಾಗಬಹುದಿತ್ತು. ಕಲಿಸುವ ಭಾಷೆ ಕನ್ನಡವಾದರೂ ಶಾಲೆಯ ವ್ಯವಹಾರದ ಪದಗಳು ಮರಾಠಿಯ ದಾರಿಯಿಂದಲೇ ಬಂದವು.

1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 1956ರ ಏಕೀಕರಣದಿಂದ ಈ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಿತು. ಪ್ರೌಢಶಾಲಾ ಶಿಕ್ಷಕರ ತರಬೇತಿ ವಿಶ್ವವಿದ್ಯಾಲಯದ ಪದವಿಯಾಗಿ ನೆಲೆಗೊಂಡಿತು. ಪಠ್ಯಪುಸ್ತಕದ ಶಿಷ್ಟ ಕನ್ನಡವೇ ಪಾಠದ ಅಳತೆಗೋಲಾಯಿತು. ಮರಾಠಿ ಹಿಂದೆ ಸರಿದ ಮೇಲೆ ಎರಡು ಕನ್ನಡಗಳ ನಡುವಿನ ಅಂತರ ಮುನ್ನೆಲೆಗೆ ಬಂದಿತು.

ಒಂದು ರೂಪವನ್ನು ಪರಿಶೀಲಿಸೋಣ. ಶಿಷ್ಟ ಕನ್ನಡದಲ್ಲಿ ‘ಬಂದಾನು’ ಎಂಬುದು ಸಂಭಾವನಾರ್ಥಕ: ಬರಬಹುದು. ಈ ಸೀಮೆಯ ‘ಅವ ಬಂದಾನ’ ಎಂಬುದು ಮುಗಿದ ಕ್ರಿಯೆಯನ್ನು ಹೇಳುತ್ತದೆ: ಬಂದಿದ್ದಾನೆ. ಸ್ತ್ರೀಲಿಂಗದಲ್ಲಿ ‘ಬಂದಾಳ’, ಬಹುವಚನದಲ್ಲಿ ‘ಬಂದಾರ’. ಬರಹದಲ್ಲಿ ವ್ಯತ್ಯಾಸ ಅಂತ್ಯದ ಉಕಾರವೊಂದೇ. ಅರ್ಥದಲ್ಲಿ ಒಂದು ಊಹೆ, ಇನ್ನೊಂದು ನಡೆದ ಸಂಗತಿ. ‘ಮನಿ’, ‘ಸಾಲಿ’ ಎಂಬಲ್ಲಿ ಅಂತ್ಯದ ಎಕಾರ ಇಕಾರವಾಗುವುದು ಧ್ವನಿಯ ಮಾತು. ‘ಬಂದಾನ’ ವ್ಯಾಕರಣದ ಮಾತು. ಇವೆರಡನ್ನೂ ‘ಉಚ್ಚಾರ ದೋಷ’ವೆಂದು ಒಂದೇ ಕೆಂಪು ಗೆರೆಯಿಂದ ತಿದ್ದುವ ಶಿಕ್ಷಕರು ಮಗುವಿನ ಕಾಲವ್ಯವಸ್ಥೆಯನ್ನೇ ಅಳಿಸಿದಂತಾಗುತ್ತದೆ. ಶಿಷ್ಟ ರೂಪದ ಅರ್ಥವೂ ಆಗ ಮಗುವಿಗೆ ಸ್ಪಷ್ಟವಾಗುವುದಿಲ್ಲ.

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಂತೆ ಬಿ.ಎಡ್. ಎರಡು ವರ್ಷಗಳ ಕೋರ್ಸಾಯಿತು. ಅದರಲ್ಲಿ ಇಪ್ಪತ್ತು ವಾರಗಳು ಶಾಲಾ ಅನುಭವಕ್ಕೆ ಮೀಸಲು. ‘ಪಠ್ಯಕ್ರಮದಾದ್ಯಂತ ಭಾಷೆ’ ಎಂಬ ವಿಷಯವೂ ಇದೆ. ಆಡುನುಡಿಯ ವ್ಯಾಕರಣವನ್ನು ಕಲಿಸಲು ಇದಕ್ಕಿಂತ ಸೂಕ್ತವಾದ ಸ್ಥಳ ಬೇರಿಲ್ಲ. ಪ್ರಶಿಕ್ಷಣಾರ್ಥಿಯು ಆ ವಾರಗಳಲ್ಲಿ ಮಕ್ಕಳ ಕ್ರಿಯಾರೂಪಗಳನ್ನು ಸಂಗ್ರಹಿಸಿ, ಶಿಷ್ಟ ರೂಪಗಳೊಡನೆ ಹೋಲಿಸಿ ಒಂದು ಪಟ್ಟಿ ಸಿದ್ಧಪಡಿಸಿದರೆ ತಿದ್ದುವುದಕ್ಕೂ ಕಲಿಸುವುದಕ್ಕೂ ಇರುವ ಭೇದ ಅನುಭವಕ್ಕೆ ಬರುತ್ತದೆ. ಈ ಸೀಮೆಯ ಬಹುತೇಕ ಪ್ರಶಿಕ್ಷಣಾರ್ಥಿಗಳ ಮನೆಮಾತೂ ಇದೇ ಆಗಿರುವುದರಿಂದ ಆ ಪಟ್ಟಿಗೆ ಮೊದಲ ಆಕರ ಅವರೇ ಆಗಬಲ್ಲರು.

ಒಂದು ಕಾಲದಲ್ಲಿ ಕನ್ನಡ ಮಾಸ್ತರಿಕೆಗಾಗಿ ಧಾರವಾಡದ ಹಾದಿ ಹಿಡಿಯಬೇಕಿದ್ದ ಜಮಖಂಡಿಯಲ್ಲಿ ಈಗ ಬಾಗಲಕೋಟೆ ವಿಶ್ವವಿದ್ಯಾಲಯವೇ ನೆಲೆಗೊಂಡಿದೆ. ಚೆನ್ನಬಸಪ್ಪನವರ ಪೀಳಿಗೆ ಶಾಲೆಗೆ ಕನ್ನಡವನ್ನು ತಂದಿತು. ಆ ಶಾಲೆಗೆ ಬರುವ ಮಗುವಿನ ಕನ್ನಡವನ್ನು ವ್ಯಾಕರಣವುಳ್ಳ ನುಡಿಯೆಂದು ತರಬೇತಿಯೊಳಗೆ ತರುವ ಕೆಲಸ ಉಳಿದಿದೆ.